26ನೇ ಚೀಟಿ ಬಂದ್ರೆ ಫೈಲ್ ಓದೋದು ನಿಲ್ಲುತ್ತೆ, ಕೆಂಪು ಟ್ರ್ಯಾಕ್ಟರ್ ಬಂದ್ರೂ ನಿಲ್ಲುತ್ತೆ

ತಕ್ಕಡಿ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಬೇಡಿ.

ಮದ್ದೂರು ಹತ್ತಿರ ನಮ್ಮಪ್ಪ ಒಂದು ವೇ ಬ್ರಿಡ್ಜ್ ನಡೆಸುತ್ತಾರೆ. ಕಬ್ಬು, ಭತ್ತ, ಜಲ್ಲಿ, ಏನು ಬಂದರೂ ತೂಗಿ ಚೀಟಿ ಕೊಡುವುದು. ನಾನು ಕೆಲಸ ಮಾಡುವುದು ಮೈಸೂರಿನಲ್ಲಿ, ಶನಿವಾರ ರಾತ್ರಿ ಊರಿಗೆ ಬರುತ್ತೇನೆ. ಅಪ್ಪ ಕೈಯಲ್ಲಿ ಚೀಟಿ ಬರೆದು ಬರೆದು ಸಾಕಾಗಿದ್ದರು. ಅದಕ್ಕೆ ನಾನೇ ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟೆ. ಕಾಲೇಜಲ್ಲಿ ಕಲಿತದ್ದು ಅದೊಂದೇ ಸರಿಯಾಗಿ ನೆನಪಿದ್ದದ್ದು.

ಪ್ರತಿ ಗಾಡಿಗೂ ಒಂದು ಸ್ಟ್ರಕ್ಟ್, ಅಂದರೆ ಒಟ್ಟಿಗೆ ಕಟ್ಟಿದ ಮಾಹಿತಿಯ ಕಂತೆ. ಮೊದಲು ಚೀಟಿ ನಂಬರ್ 4 ಬೈಟ್, ಆಮೇಲೆ ಗಾಡಿ ನಂಬರ್ 12 ಬೈಟ್. ಅದಾದ ಮೇಲೆ ಲೋಡ್ ತೂಕ, ಖಾಲಿ ತೂಕ, ನೆಟ್, ಚಾರ್ಜು, ತಲಾ 4 ಬೈಟ್. ಒಟ್ಟು 32. ಎಫ್‌ಓಪನ್‌ಗೆ "ಎ" ಅಂತ ಕೊಟ್ಟು, ಎಫ್‌ರೈಟ್‌ನಲ್ಲಿ ಫೈಲಿನ ಕೊನೆಗೆ ಸೇರಿಸುತ್ತೇನೆ. ದಿನಕ್ಕೊಂದು ಫೈಲ್. ಚೀಟಿ ನಂಬರ್ ದಿನಾ 1ರಿಂದ ಶುರು. ರಾತ್ರಿ "ಆರ್" ಅಂತ ತೆರೆದು, ಎಫ್‌ರೀಡ್‌ನಲ್ಲಿ ಒಂದೊಂದೇ ಓದಿ ದಿನದ ಲೆಕ್ಕ ಪ್ರಿಂಟ್ ಮಾಡುತ್ತದೆ.

ಬೇಸಿಗೆ ಪೂರ್ತಿ ಚೆನ್ನಾಗೇ ಇತ್ತು. ದಿನಕ್ಕೆ ಹದಿನೈದು ಇಪ್ಪತ್ತು ಗಾಡಿ, ಅಷ್ಟೇ. ಕಬ್ಬಿನ ಸೀಸನ್ ಶುರುವಾಯಿತು ನೋಡಿ, ಕಾಟವೂ ಶುರುವಾಯಿತು. ಮೊನ್ನೆ 41 ಗಾಡಿ ತೂಗಿದ್ದಾರೆ, ರಾತ್ರಿ ಲೆಕ್ಕದಲ್ಲಿ ಬಂದದ್ದು 25. ಅದರ ಹಿಂದಿನ ದಿನ 38 ಗಾಡಿ, ಲೆಕ್ಕದಲ್ಲಿ ಮತ್ತೆ 25. ಕೋಡಿನಲ್ಲಿ 25 ಅನ್ನೋ ಸಂಖ್ಯೆಯೇ ಇಲ್ಲ!

ಇನ್ನೊಂದು ವಿಚಿತ್ರ. ಕೆಲವು ದಿನ 25 ಕೂಡ ಬರುವುದಿಲ್ಲ. ಶುಕ್ರವಾರ 11ಕ್ಕೇ ನಿಂತಿತ್ತು. ಅಪ್ಪ ಹೇಳುವ ಪ್ರಕಾರ ಒಂದು ಕೆಂಪು ಟ್ರ್ಯಾಕ್ಟರ್ ಬಂದ ದಿನ ಹೀಗಾಗುತ್ತದೆ. ನಾನು ನಕ್ಕುಬಿಟ್ಟೆ. ಆಮೇಲೆ ಚೀಟಿ ಕಟ್ಟು ತೆಗೆದು ನೋಡಿದರೆ ಶುಕ್ರವಾರದ 12ನೇ ಚೀಟಿ ನಿಜವಾಗಿಯೂ ಅದೇ ಟ್ರ್ಯಾಕ್ಟರಿನದು. ಅದು ಬಂದೂ ಲೆಕ್ಕ ಸರಿಯಾಗಿ ಬಂದ ದಿನಗಳೂ ಎರಡು ಮೂರು ಇವೆ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಲಿನಕ್ಸ್ ಇದೆ. ಅದರಲ್ಲಿ 100 ಸುಳ್ಳು ಗಾಡಿ ಹಾಕಿ ನೋಡಿದೆ, ನೂರೂ ಬಂತು. ಅಪ್ಪನ ಕಂಪ್ಯೂಟರ್ ವಿಂಡೋಸ್, ಕೋಡ್ ಬ್ಲಾಕ್ಸ್‌ನಲ್ಲಿ ಕಂಪೈಲ್ ಮಾಡಿದ್ದು. ಮೊನ್ನೆಯ ಫೈಲನ್ನು ಪೆನ್ ಡ್ರೈವಿನಲ್ಲಿ ತಂದು ಲ್ಯಾಪ್‌ಟಾಪಿನಲ್ಲಿ ಓದಿಸಿದೆ. 9ನೇ ಚೀಟಿವರೆಗೆ ಸರಿ. 10ನೇದರ ಜಾಗದಲ್ಲಿ ಚೀಟಿ ನಂಬರ್ 2573, ಗಾಡಿ ನಂಬರ್ ಖಾಲಿ. ಅದರ ಮುಂದಿನದು 2816. ಆಮೇಲೆ ಎಲ್ಲಾ ಕಲಸುಮೇಲೋಗರ.

ತಲೆ ಕೆಟ್ಟುಹೋಗಿದೆ. ಯಾರಿಗಾದರೂ ಏನಾದರೂ ಹೊಳೆಯುತ್ತಾ?

ನಿಂಬೆಹಣ್ಣು (ಪಾಂಡವಪುರ)

ಮೊದಲು ವೇ ಬ್ರಿಡ್ಜಿಗೆ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕಟ್ಟಿ ಅಕ್ಕ 😄

ತಮಾಷೆ ಬಿಡಿ. ಬರೆದ ಮೇಲೆ ಎಫ್‌ಕ್ಲೋಸ್ ಮಾಡ್ತಿದ್ದೀರಾ? ಇಲ್ಲಾಂದ್ರೆ ಬಫರಿನಲ್ಲೇ (ಮೆಮೊರಿಯ ತಾತ್ಕಾಲಿಕ ಜಾಗ) ಉಳಿದು ಡಿಸ್ಕಿಗೆ ಹೋಗಿರಲ್ಲ. ನಮ್ಮ ಕಡೆ ಕರೆಂಟ್ ಬೇರೆ ಯಾವಾಗ ಹೋಗುತ್ತೆ ಗೊತ್ತಿಲ್ಲ. ನನಗೆ ಅದೇ ಅನುಮಾನ.

ತಕ್ಕಡಿ (ಮಂಡ್ಯ)

ಪ್ರತಿ ಚೀಟಿಗೂ ಎಫ್‌ಕ್ಲೋಸ್ ಇದೆ. ಯುಪಿಎಸ್ ಕೂಡ ಇದೆ. ಡಿಸ್ಕಿಗೆ ಹೋಗಿಲ್ಲ ಅಂದರೆ ಫೈಲ್ ಚಿಕ್ಕದಾಗಿರಬೇಕು ಅಲ್ವಾ? ಈಗ ನೋಡಿದೆ, ಉಲ್ಟಾ ಆಗಿದೆ. 41 ಚೀಟಿಗೆ 1,312 ಬೈಟ್ ಇರಬೇಕು, 1,315 ಇದೆ. ಮೂರು ಬೈಟ್ ಎಲ್ಲಿಂದ ಬಂತು?

ಹಳೇ ಕೀಲಿಮಣೆ (ಸರಸ್ವತಿಪುರಂ, ಮೈಸೂರು)

ತಕ್ಕಡಿ ಮೇಡಂ, ನಿಮ್ಮಪ್ಪ ಹೇಳಿದ್ದು ಸರಿ, ಆ ಟ್ರ್ಯಾಕ್ಟರಿನದೇ ಕಿತಾಪತಿ. ಬಿಡಿಸಿ ಹೇಳುವ ಮುಂಚೆ ಒಂದು ಮಾತು ಕೇಳುತ್ತೇನೆ. ನಿಮ್ಮ ವೇ ಬ್ರಿಡ್ಜ್ ಡಿಸ್‌ಪ್ಲೇ 10 ಕೆಜಿ ಲೆಕ್ಕದಲ್ಲಿ ಏರುತ್ತದೆ ತಾನೆ? ಹಾಗಿದ್ದರೆ ಆ ಟ್ರ್ಯಾಕ್ಟರ್, ಟ್ರೈಲರ್ ಸೇರಿ ಖಾಲಿ ತೂಕ 2,330, 3,610 ಅಥವಾ 4,890 ಇರಬೇಕು. ನನ್ನ ಓಟು 3,610ಕ್ಕೆ. ಚೀಟಿ ನೋಡಿ ಹೇಳಿ.

ತಕ್ಕಡಿ (ಮಂಡ್ಯ)

ಸರ್!! 3,610! ಶುಕ್ರವಾರದ್ದೂ 3,610, ಅದರ ಹಿಂದಿನ ಮಂಗಳವಾರದ್ದೂ 3,610. ಸರಿಯಾಗಿ ಲೆಕ್ಕ ಬಂದ ದಿನಗಳಲ್ಲಿ ಮಾತ್ರ 3,620 ಅಥವಾ 3,630 ಇದೆ. ನಿಮಗೆ ಹೇಗೆ ಗೊತ್ತಾಯಿತು? ಅಪ್ಪನಿಗೆ ಓದಿ ಹೇಳಿದೆ, "ಅವರೇನು ಜೋಯಿಸರಾ" ಅಂತ ಕೇಳುತ್ತಿದ್ದಾರೆ.

ಹಳೇ ಕೀಲಿಮಣೆ (ಸರಸ್ವತಿಪುರಂ, ಮೈಸೂರು)

ಜೋಯಿಸ ಅಲ್ಲಮ್ಮ, ವಿಂಡೋಸಿಗೂ ಮುಂಚಿನ ಡಾಸ್ ಕಾಲದವನು. ಅಷ್ಟೇ.

ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಹಿಡಿಯುತ್ತದೆ. ಅದಕ್ಕೇ 3,610ನ್ನು 256ರಿಂದ ಭಾಗಿಸಿ. 14 ಸಲ ಹೋಗಿ 26 ಉಳಿಯುತ್ತದೆ. ಅಂದರೆ ಫೈಲಿನಲ್ಲಿ ಆ ತೂಕ ಕೂರುವುದು 26, 14, 0, 0 ಅಂತ ನಾಲ್ಕು ಬೈಟಾಗಿ. ನಿಮ್ಮ 26ನೇ ಚೀಟಿಯ ನಂಬರೂ ಹಾಗೇ, 26, 0, 0, 0. ಎರಡರಲ್ಲೂ 26 ಇದೆ, ನೋಡಿದಿರಾ? ಬರೀ "ಎ", "ಆರ್" ಅಂತ ಕೊಟ್ಟರೆ ವಿಂಡೋಸಿನಲ್ಲಿ ಫೈಲ್ ತೆರೆಯುವುದು ಟೆಕ್ಸ್ಟ್ ಮೋಡಿನಲ್ಲಿ, ಅಂದರೆ ಒಳಗಿರುವುದು ಬರಹ ಅಂದುಕೊಂಡು. ವಿಂಡೋಸಿನ ಸಿ ಲೈಬ್ರರಿ ಟೆಕ್ಸ್ಟ್ ಮೋಡಿನಲ್ಲಿ ಓದುವಾಗ 26 ಅನ್ನೋ ಬೈಟ್ ಕಂಡರೆ "ಫೈಲ್ ಮುಗಿಯಿತು" ಅಂತ ಎದ್ದು ಹೋಗುತ್ತದೆ. ಅದರ ಹಿಂದೆ ಇನ್ನೂ ಎಷ್ಟು ಇದೆ ಅಂತ ನೋಡುವುದೇ ಇಲ್ಲ. ಅದಕ್ಕೇ 25ಕ್ಕೆ ನಿಲ್ಲುವುದು. ಕೆಂಪು ಟ್ರ್ಯಾಕ್ಟರ್ 12ನೇದಾಗಿ ಬಂದರೆ 11ಕ್ಕೆ ನಿಲ್ಲುವುದು. ಡೀಸೆಲ್ ತುಂಬಿಸಿಕೊಂಡು ಬಂದ ದಿನ 3,620 ಆಗಿ ಬಚಾವಾಗುತ್ತದೆ.

ಖಾಲಿ ತೂಕವೇ ಇರಬೇಕು ಅಂತ ಹೇಗೆ ಹೇಳಿದೆ ಅಂದರೆ, ಲೋಡ್ ದಿನಾ ಬೇರೆ ಬೇರೆ. ಒಂದೇ ಗಾಡಿ ಪದೇ ಪದೇ ಕಾಟ ಕೊಡಬೇಕು ಅಂದರೆ ಅದರಲ್ಲಿ ಬದಲಾಗದ್ದು ಖಾಲಿ ತೂಕ ಒಂದೇ. 256ರಿಂದ ಭಾಗಿಸಿದಾಗ 26 ಉಳಿಯುವ, ಸೊನ್ನೆಯಲ್ಲಿ ಮುಗಿಯುವ ತೂಕ 1,050. ಅಲ್ಲಿಂದ 1,280 ಸೇರಿಸುತ್ತಾ ಹೋಗಿ, 2,330, 3,610, 4,890 ಸಿಗುತ್ತದೆ. 1,050 ಕೆಜಿಗೆ ಟ್ರ್ಯಾಕ್ಟರ್, ಟ್ರೈಲರ್ ಎರಡೂ ಸೇರಿ ಬರುವುದಿಲ್ಲ ಅಂತ ಅದನ್ನು ಬಿಟ್ಟೆ.

ಈ 26 ಎಲ್ಲಿಂದ ಬಂತು? 1974ರಲ್ಲಿ ಗ್ಯಾರಿ ಕಿಲ್ಡಾಲ್ ಮಾಡಿದ ಸಿಪಿ/ಎಂ ಅನ್ನೋ ಆಪರೇಟಿಂಗ್ ಸಿಸ್ಟಂನಿಂದ. ಅದು ಫೈಲಿನ ಅಳತೆಯನ್ನು ಬೈಟಿನಲ್ಲಿ ಇಡುತ್ತಿರಲಿಲ್ಲ, 128 ಬೈಟಿನ ತುಂಡುಗಳಲ್ಲಿ ಇಡುತ್ತಿತ್ತು. ನಿಮ್ಮ ಕಾಗದ 130 ಬೈಟ್ ಇದ್ದರೆ ಎರಡು ತುಂಡು, 256 ಬೈಟ್. ಬರಹ ಮುಗಿದದ್ದು ಎಲ್ಲಿ, ಕಸ ಶುರುವಾದದ್ದು ಎಲ್ಲಿ ಅಂತ ಗೊತ್ತಾಗಬೇಕಲ್ಲ. ಅದಕ್ಕೆ ಬರಹದ ಕೊನೆಗೆ 26 ಅಂತ ಒಂದು ಗುರುತು. ಕೀಲಿಮಣೆಯಲ್ಲಿ ಅದು ಕಂಟ್ರೋಲ್ ಜೆಡ್. ಡಾಸ್‌ಗೆ ಫೈಲಿನ ಅಳತೆ ಬೈಟಿನ ಮಟ್ಟಕ್ಕೇ ಗೊತ್ತಿತ್ತು, ಆದರೂ ಹಳೇ ಪದ್ಧತಿ ಬಿಡಲಿಲ್ಲ. ನಾವೆಲ್ಲ "ಕಾಪಿ ಕಾನ್" ಅಂತ ಹೊಡೆದು, ಫೈಲ್ ಟೈಪ್ ಮಾಡಿ, ಕೊನೆಗೆ ಎಫ್6 ಒತ್ತುತ್ತಿದ್ದೆವು. ಆ ಎಫ್6 ಹಾಕುತ್ತಿದ್ದದ್ದು ಇದೇ 26. ಅದು ಈಗ ನಿಮ್ಮ ಮದ್ದೂರಿನ ಕಬ್ಬಿನ ಲೆಕ್ಕಕ್ಕೆ ಬಂದು ಅಡ್ಡ ನಿಂತಿದೆ.

ಇನ್ನು ಆ ಮೂರು ಬೈಟ್. ನಾನು ಮೊದಲು ಕಲಿತದ್ದು ಅಗ್ರಹಾರದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಸಾಲು ಮುಗಿದರೆ ಎಡಗೈಯಲ್ಲಿ ಆ ಸನ್ನೆಕೋಲು ತಳ್ಳಬೇಕು. ಹಾಳೆ ಒಂದು ಸಾಲು ಮೇಲಕ್ಕೆ ಹೋಗುತ್ತದೆ, ಕ್ಯಾರೇಜ್ ಸರ್ರಂತ ಮೊದಲಿನ ಜಾಗಕ್ಕೆ ವಾಪಸ್ ಬರುತ್ತದೆ. ಕೆಲಸ ಎರಡು. ಟೆಲಿಪ್ರಿಂಟರಿನಲ್ಲಿ ಆ ಎರಡಕ್ಕೂ ಬೇರೆ ಬೇರೆ ಸಂಕೇತ ಇದ್ದವು. ವಾಪಸ್ ಬಾ ಅನ್ನೋದಕ್ಕೆ 13, ಮುಂದಿನ ಸಾಲು ಅನ್ನೋದಕ್ಕೆ 10. ಯುನಿಕ್ಸ್‌ನವರು 10 ಒಂದೇ ಸಾಕು ಅಂದರು. ಡಾಸ್, ವಿಂಡೋಸ್ ಎರಡನ್ನೂ ಇಟ್ಟುಕೊಂಡವು. ಸಿ ಹುಟ್ಟಿದ್ದು ಯುನಿಕ್ಸ್ ಮನೆಯಲ್ಲಿ, ಅದಕ್ಕೆ ಸಾಲು ಮುಗಿಯುವುದು ಅಂದರೆ 10 ಮಾತ್ರ. ಹಾಗಾಗಿ ವಿಂಡೋಸಿನಲ್ಲಿ ಟೆಕ್ಸ್ಟ್ ಮೋಡ್ ಅಂದರೆ ಮಧ್ಯೆ ಒಬ್ಬ ದಲ್ಲಾಳಿ ಕೂತ ಹಾಗೆ. ಬರೆಯುವಾಗ 10 ಕಂಡರೆ ಅದರ ಮುಂದೆ ಒಂದು 13 ಸೇರಿಸುತ್ತಾನೆ. ಓದುವಾಗ 13, 10 ಜೋಡಿ ಕಂಡರೆ 13ನ್ನು ಎತ್ತಿಕೊಳ್ಳುತ್ತಾನೆ. ಅದು ಸಾಲಿನ ಕೊನೆಯೋ, 10ನೇ ಚೀಟಿಯ ನಂಬರೋ ಅವನಿಗೆ ಬೇಕಿಲ್ಲ.

ನಿಮ್ಮ 10ನೇ ಚೀಟಿ 10, 0, 0, 0 ಅಂತ ಹೊರಟಿತು. ಡಿಸ್ಕಿನಲ್ಲಿ ಕೂತದ್ದು 13, 10, 0, 0, 0. ಅಪ್ಪನ ಕಂಪ್ಯೂಟರಿನಲ್ಲೇ ಓದುವಾಗ ದಲ್ಲಾಳಿ ತಾನೇ ಹಾಕಿದ್ದನ್ನು ತಾನೇ ತೆಗೆದುಬಿಡುತ್ತಾನೆ, ಅದಕ್ಕೇ ಬೇಸಿಗೆಯಲ್ಲಿ ನಿಮಗೆ ಏನೂ ಕಾಣಲಿಲ್ಲ. ಲಿನಕ್ಸ್‌ನಲ್ಲಿ ದಲ್ಲಾಳಿಯೇ ಇಲ್ಲ, ಇದ್ದದ್ದು ಇದ್ದ ಹಾಗೆ ಬರುತ್ತದೆ. 10 × 256 + 13 ಎಷ್ಟು? 2573. ಮಿಕ್ಕ ಒಂದು ಸೊನ್ನೆ ಗಾಡಿ ನಂಬರಿನ ಮೊದಲ ಅಕ್ಷರದ ಜಾಗಕ್ಕೆ ಜರುಗಿತು. ಸೊನ್ನೆಯಿಂದ ಶುರುವಾದ ಸ್ಟ್ರಿಂಗ್ ಸಿಗೆ ಖಾಲಿ ಸ್ಟ್ರಿಂಗ್. ಅಲ್ಲಿಂದ ಎಲ್ಲಾ ಒಂದೊಂದು ಬೈಟ್ ಪಕ್ಕಕ್ಕೆ. 11ನೇ ಚೀಟಿ 11 × 256, ಅಂದರೆ 2816 ಆಗಿ ಕಂಡಿತು. ಮಿಕ್ಕ ಎರಡು ಬೈಟ್ ಯಾವುದೋ ತೂಕದಲ್ಲಿ 10 ಬಂದದ್ದರಿಂದ. 8,970 ಅಥವಾ 3,850 ಥರದ್ದು ಇದೆಯಾ ಅಂತ ಹುಡುಕಿ, ಸಿಗಬಹುದು.

ಪರಿಹಾರ ಎರಡು ಅಕ್ಷರ. "ಎ" ಇರುವ ಕಡೆ "ಎಬಿ", "ಆರ್" ಇರುವ ಕಡೆ "ಆರ್‌ಬಿ". ಆ ಬಿ ಅಂದರೆ ಬೈನರಿ, ಬೈಟುಗಳನ್ನು ಮುಟ್ಟದೆ ಇದ್ದ ಹಾಗೇ ಓದು, ಬರೆ ಅಂತ. ಲಿನಕ್ಸ್‌ನಲ್ಲಿ ಅದನ್ನು ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಅದಕ್ಕೇ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ನೂರು ಬಂದದ್ದು. ಸುಮ್ನೆ ಯಾವಾಗಲೂ ಹಾಕಿಬಿಡಿ.

ಹಳೇ ಫೈಲುಗಳು ಹಾಳಾಗಿಲ್ಲ. ಬರೆಯುವಾಗ 26 ಏನೂ ತೊಂದರೆ ಕೊಡುವುದಿಲ್ಲ, ಅದರಾಚೆಯದೆಲ್ಲ ಡಿಸ್ಕಿನಲ್ಲಿ ಭದ್ರವಾಗಿದೆ. ಹಳೆಯದನ್ನು ಬೈನರಿಯಲ್ಲಿ ತೆರೆದು, 13, 10 ಜೋಡಿ ಎಲ್ಲಿ ಕಂಡರೂ ಆ 13 ತೆಗೆದು, ಹೊಸ ಫೈಲಿಗೆ ಬೈನರಿಯಲ್ಲೇ ಬರೆಯಿರಿ. ಅಳತೆ 32ರಿಂದ ಪೂರ್ತಿ ಭಾಗವಾದರೆ ಸರಿಯಾಗಿದೆ ಅಂತ. ಒಂದೇ ಎಚ್ಚರ. ಒಂದೊಂದೇ ಬೈಟ್ ಓದುವ ಎಫ್‌ಗೆಟ್‌ಸಿ ಬಳಸಿದರೆ ಬಂದದ್ದನ್ನು ಇಂಟ್‌ನಲ್ಲಿ ಇಟ್ಟುಕೊಳ್ಳಿ. ಕ್ಯಾರ್‌ನಲ್ಲಿ ಇಟ್ಟರೆ 255 ಅನ್ನೋ ಬೈಟ್ ಮೈನಸ್ 1 ಆಗಿ, ಫೈಲ್ ಮುಗಿಯಿತು ಅಂತ ಮತ್ತೆ ಅದೇ ರಾಮಾಯಣ. ಒಂದು ದಲ್ಲಾಳಿಯನ್ನು ಓಡಿಸಿ ಇನ್ನೊಬ್ಬನನ್ನು ನೀವೇ ಕೂರಿಸಿದ ಹಾಗೆ.

ಮತ್ತೆ ಫೈಲನ್ನು ತಿದ್ದುವ ಮುಂಚೆ ಒಂದು ಕಾಪಿ ಬೇರೆ ಫೋಲ್ಡರಿಗೆ ಹಾಕಿ. ನಾನು ಹಾಕದೆ ಪಟ್ಟ ಪಾಡು ಇನ್ನೊಂದು ದಿನ ಹೇಳುತ್ತೇನೆ.

ನಿಂಬೆಹಣ್ಣು (ಪಾಂಡವಪುರ)

ಸರ್, ಕಾಲಿಗೆ ಬಿದ್ದೆ. ನನ್ನ ನಿಂಬೆಹಣ್ಣು ವಾಪಸ್.

ಒಂದು ನೆನಪಾಯಿತು. ಪಿಎನ್‌ಜಿ ಚಿತ್ರದ ಫೈಲಿನ ಮೊದಲ 8 ಬೈಟ್ ಯಾವಾಗಲೂ 137, 80, 78, 71, 13, 10, 26, 10. ಕಾಲೇಜಲ್ಲಿ ಬಾಯಿಪಾಠ ಮಾಡಿದ್ದೆ, ಯಾಕೆ ಅಂತ ಗೊತ್ತಿರಲಿಲ್ಲ. ಇದೇ ದಲ್ಲಾಳಿಯನ್ನು ಹಿಡಿಯೋಕೆ ಹಾಕಿದ ಬಲೆ ಅಲ್ವಾ ಇದು?

ಹಳೇ ಕೀಲಿಮಣೆ (ಸರಸ್ವತಿಪುರಂ, ಮೈಸೂರು)

ಅದೇ. 80, 78, 71 ಅಂದರೆ ಪಿ, ಎನ್, ಜಿ. ಯಾರಾದರೂ ಟೆಕ್ಸ್ಟ್ ಮೋಡಿನಲ್ಲಿ ಚಿತ್ರ ಕಳಿಸಿದರೆ 13, 10 ಜೋಡಿಯೋ ಕೊನೆಯ ಒಂಟಿ 10ಓ ಬದಲಾಗಿರುತ್ತದೆ. ಫೈಲ್ ಕೆಟ್ಟಿದೆ ಅಂತ ಮೊದಲ 8 ಬೈಟಿಗೇ ಗೊತ್ತಾಗುತ್ತದೆ. ಮಧ್ಯದ 26 ಡಾಸ್‌ನಲ್ಲಿ "ಟೈಪ್" ಅಂತ ಹೊಡೆದವರಿಗೆ, ಪರದೆ ತುಂಬ ಕಸ ಸುರಿಯುವ ಮುಂಚೆ ನಿಂತುಬಿಡಲಿ ಅಂತ. ಮೊದಲ 137 ಯಾಕೆ ಅಂದರೆ, 7 ಬಿಟ್ ಮಾತ್ರ ದಾಟಿಸುವ ಹಳೇ ದಾರಿಗಳಲ್ಲಿ ಅದು 9 ಆಗಿಬಿಡುತ್ತದೆ, ಅಲ್ಲೂ ಸಿಕ್ಕಿಬೀಳುತ್ತದೆ. ತುಂಬ ಪೆಟ್ಟು ತಿಂದವರು ಕೂತು ಮಾಡಿದ ಫಾರ್ಮ್ಯಾಟ್ ಅದು.

ತಕ್ಕಡಿ (ಮಂಡ್ಯ)

ಎರಡು ಅಕ್ಷರ ಹಾಕಿದೆ, 41ಕ್ಕೆ 41 ಬಂತು! 8,970 ಕೂಡ ಸಿಕ್ಕಿತು ಸರ್, 31ನೇ ಚೀಟಿಯ ನೆಟ್. ಹಳೇ ಫೈಲುಗಳನ್ನು ಪೈಥಾನಿನಲ್ಲಿ ಸರಿ ಮಾಡಿದೆ, ಎಲ್ಲಾ 32ರಿಂದ ಭಾಗವಾಯಿತು. ಕಾಪಿ ಮೊದಲೇ ಇಟ್ಟುಕೊಂಡಿದ್ದೆ.

ಪೈಥಾನ್ ಹೇಗೂ ಹಾಕಿದೆನಲ್ಲ ಅಂತ ಇನ್ನೊಂದು ಆಸೆ ಹುಟ್ಟಿತು. ಚೀಟಿಯಲ್ಲಿ ಊರಿನ ಹೆಸರು ಕನ್ನಡದಲ್ಲಿ ಬರಲಿ ಅಂತ ನೋಟ್‌ಪ್ಯಾಡಿನಲ್ಲಿ ಊರುಗಳ ಪಟ್ಟಿ ಮಾಡಿದೆ. ಅಪ್ಪನ ಕಂಪ್ಯೂಟರಿನಲ್ಲಿ ಓದಿಸಿದರೆ ಚಾರ್‌ಮ್ಯಾಪ್ ಅಂತ ಏನೋ ಎರರ್. ಒಂದೊಂದೇ ಊರನ್ನು ಬೇರೆ ಫೈಲಿಗೆ ಹಾಕಿ ನೋಡಿದೆ. ಮಂಡ್ಯ ಹಾಕಿದರೆ ಎರರ್. ನಾಗಮಂಗಲ ಹಾಕಿದರೆ ಎರರ್ ಇಲ್ಲ, ಆದರೆ 21 ಚಿತ್ರವಿಚಿತ್ರ ಅಕ್ಷರ. ಮಂಡ್ಯ ಏನು ಪಾಪ ಮಾಡಿತ್ತು? ಜೊತೆಗೆ ಲೆಕ್ಕವನ್ನು ಸಿಎಸ್‌ವಿ (ಮಧ್ಯೆ ಕಾಮಾ ಹಾಕಿದ ಪಟ್ಟಿಯ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಒಂದು ಸಾಲು ಬಿಟ್ಟು ಒಂದು ಸಾಲು ಖಾಲಿ. ಇಲ್ಲೂ ದಲ್ಲಾಳಿಯಾ?

ಕುಕ್ಕರಹಳ್ಳಿ ಕೆರೆ (ಮೈಸೂರು)

ಇದು ನನಗೆ ಗೊತ್ತು, ದಿನಾ ಇದರಲ್ಲೇ ಬೀಳುವುದು ಏಳುವುದು.

ಇಲ್ಲಿ ನಿಮ್ಮ ಹಿಂದಿನ ತಪ್ಪಿನ ಉಲ್ಟಾ ನಡೆದಿದೆ. ಅಲ್ಲಿ ಬರಹ ಅಲ್ಲದ್ದನ್ನು ಬರಹ ಅಂತ ತೆರೆದಿದ್ದಿರಿ. ಇಲ್ಲಿ ಇರುವುದು ಬರಹವೇ, ಆದರೆ ಯಾವ ಲಿಪಿಯ ಲೆಕ್ಕದಲ್ಲಿ ಓದಬೇಕು ಅಂತ ಹೇಳಿಲ್ಲ. ಈಗಿನ ನೋಟ್‌ಪ್ಯಾಡ್ ಎಲ್ಲಾ ಲಿಪಿಗೂ ಆಗುವ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿ ಉಳಿಸುತ್ತದೆ. ವಿಂಡೋಸಿನ ಪೈಥಾನ್ ಮಾತ್ರ, ನೀವು ಏನೂ ಹೇಳದಿದ್ದರೆ, ಸಿಪಿ1252 ಅನ್ನೋ ಹಳೇ ಯುರೋಪಿನ ಪಟ್ಟಿ ಹಿಡಿದು ಕೂರುತ್ತದೆ. ಪೈಥಾನ್ 3.15ರಿಂದ ತಾನಾಗೇ ಯುಟಿಎಫ್-8 ಅಂತ ನಿರ್ಧಾರ ಮಾಡಿದ್ದಾರೆ. ಅಪ್ಪನ ಕಂಪ್ಯೂಟರಿನಲ್ಲಿರುವುದು ಹಳೆಯದೇ ಇರಬೇಕು.

ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ನಾಗಮಂಗಲ ಅಂದರೆ ನ, ದೀರ್ಘದ ಗುರುತು, ಗ, ಮ, ಸೊನ್ನೆ, ಗ, ಲ. ಏಳು ಮೂರಲ ಇಪ್ಪತ್ತೊಂದು. ನೀವು ಎಣಿಸಿದ್ದು ಸರಿ. ಆ 21 ಬೈಟಿಗೂ ಸಿಪಿ1252ನಲ್ಲಿ ಏನೋ ಒಂದು ಅಕ್ಷರ ಇದೆ, ಅದಕ್ಕೆ ಬಾಯಿ ಮುಚ್ಚಿಕೊಂಡು ಕಸ ಕೊಟ್ಟಿತು. ಮಂಡ್ಯದಲ್ಲಿ ಡ ಕೆಳಗೆ ಯ ಒತ್ತು ಇದೆಯಲ್ಲ. ಒತ್ತು ಬರಬೇಕಾದರೆ ಮಧ್ಯೆ ಒಂದು ಹಲಂತ ಬೇಕು. ಅದರ ಮೂರನೇ ಬೈಟ್ 141. ಸಿಪಿ1252 ಪಟ್ಟಿಯಲ್ಲಿ ಐದು ಜಾಗ ಖಾಲಿ ಇವೆ: 129, 141, 143, 144, 157. ಹಲಂತ ಆ ಖಾಲಿ ಗುಂಡಿಗೇ ಬಿತ್ತು. ಕೂತು ಲೆಕ್ಕ ಹಾಕಿ ನೋಡಿದ್ದೇನೆ, ಕನ್ನಡದಲ್ಲಿ ಹೀಗೆ ಬೀಳುವವರು ಏ, ಐ, ಝ, ಉಕಾರದ ಕೊಂಬು, ಹಲಂತ. ಕೊಂಬೂ ಒತ್ತೂ ಇಲ್ಲದ ಊರು ನಮ್ಮ ಕಡೆ ಎಷ್ಟಿವೆ ಹೇಳಿ? ಮದ್ದೂರು ಬೀಳುತ್ತದೆ, ಮಳವಳ್ಳಿ ಬೀಳುತ್ತದೆ, ಪಾಂಡವಪುರವೂ ಬೀಳುತ್ತದೆ. ನಾಗಮಂಗಲ ಹೇಗೋ ಪಾರಾಗಿದೆ.

ನನ್ನನ್ನು ಕೇಳಿದರೆ ಎರರ್ ಬಂದ ಮಂಡ್ಯವೇ ವಾಸಿ. ಸದ್ದಿಲ್ಲದೆ ಕಸ ಕೊಟ್ಟ ನಾಗಮಂಗಲ ಚೀಟಿಯಲ್ಲಿ ಪ್ರಿಂಟ್ ಆಗಿ ಹೋಗಿಬಿಡುತ್ತಿತ್ತು.

ಓಪನ್‌ಗೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿ, ಮುಗಿಯಿತು.

ಸಿಎಸ್‌ವಿ ವಿಷಯದಲ್ಲಿ ಹೌದು, ಅದೇ ದಲ್ಲಾಳಿ. ಪೈಥಾನಿನ ಸಿಎಸ್‌ವಿ ಬರೆಯುವವನು ಸಾಲಿನ ಕೊನೆಗೆ 13, 10 ಎರಡನ್ನೂ ತಾನೇ ಹಾಕುತ್ತಾನೆ. ಟೆಕ್ಸ್ಟ್ ಮೋಡ್ ಆ 10 ನೋಡಿ ಇನ್ನೊಂದು 13 ಸೇರಿಸುತ್ತದೆ. 13, 13, 10. ಎಕ್ಸೆಲ್ ಅದನ್ನು ಎರಡು ಸಾಲು ಅಂದುಕೊಳ್ಳುತ್ತದೆ. ಓಪನ್‌ನಲ್ಲಿ ನ್ಯೂಲೈನ್ ಅನ್ನೋದಕ್ಕೆ ಖಾಲಿ ಸ್ಟ್ರಿಂಗ್ ಕೊಡಿ, ಆಗ ಮುಟ್ಟುವುದಿಲ್ಲ. ಆ ಸಿಎಸ್‌ವಿಯಲ್ಲಿ ಕನ್ನಡ ಇದ್ದರೆ ಎನ್‌ಕೋಡಿಂಗ್ ಹೆಸರು ಯುಟಿಎಫ್-8-ಸಿಗ್ ಅಂತ ಕೊಡಿ. ಶುರುವಿಗೆ 3 ಬೈಟಿನ ಒಂದು ಗುರುತು ಬೀಳುತ್ತದೆ, ಎಕ್ಸೆಲ್ ಅದನ್ನು ನೋಡಿ ಕನ್ನಡ ಸರಿಯಾಗಿ ತೋರಿಸುತ್ತದೆ.

ತಕ್ಕಡಿ (ಮಂಡ್ಯ)

ಎಲ್ಲಾ ಸರಿ ಹೋಯಿತು. ಮಂಡ್ಯ ಮಂಡ್ಯ ಅಂತಲೇ ಬಂತು.

ಹಳೇ ಫೈಲುಗಳನ್ನು ಮತ್ತೆ ಓದಿಸಿದಾಗ ಸೀಸನ್ ಶುರುವಾದಾಗಿನಿಂದ ಲೆಕ್ಕಕ್ಕೇ ಬಾರದ ಚೀಟಿಗಳೆಲ್ಲ ಈಚೆ ಬಂದವು. ಕೆಂಪು ಟ್ರ್ಯಾಕ್ಟರಿನವರು ತಿಂಗಳ ಬಾಕಿಯಲ್ಲಿ ತೂಗಿಸುವವರು. ಅವರದೇ ಒಂಬತ್ತು ಚೀಟಿ ಬಿಟ್ಟುಹೋಗಿತ್ತು. ಅಪ್ಪ ಫೋನ್ ಮಾಡಿ ಹೇಳಿದರೆ ಅವರು ಒಂದು ಮಾತೂ ಆಡದೆ ಒಪ್ಪಿಕೊಂಡರಂತೆ, ಅವರ ಹತ್ತಿರ ಎಲ್ಲಾ ಚೀಟಿ ಜೋಡಿಸಿಟ್ಟಿದೆ.

ಇನ್ನೊಂದು ಹೇಳಲೇಬೇಕು. ಹಿಂದಿನ ವಾರ ಅವರು ಟ್ರೈಲರಿಗೆ ಹೊಸ ಹಲಗೆ ಹೊಡೆಸಿದ್ದಾರೆ. ಈಗ ಖಾಲಿ ತೂಕ 3,680. ನಾನು ಕೋಡ್ ಸರಿ ಮಾಡುವ ಮೂರು ದಿನ ಮುಂಚೆಯೇ ಆ ಟ್ರ್ಯಾಕ್ಟರಿನ ಕಾಟ ನಿಂತಿತ್ತು. ಅಪ್ಪ ಯಾರಿಗೂ ಹೇಳದೆ ನಿಂಬೆಹಣ್ಣು ಕಟ್ಟಿದ್ದೂ ಅದೇ ದಿನ. ಈಗ 26, 13, 10 ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅವರು ಬಾಗಿಲ ಕಡೆಗೇ ಕೈ ತೋರಿಸುತ್ತಾರೆ.